ವಿಯಾಜೊ ಇನ್ ಇತಾಲಿಯಾ: ಒಂದು ದಾಂಪತ್ಯದ ಚಿತ್ರ ಮತ್ತು ಅದರ ವಿಮರ್ಶೆಯ ಚರಿತ್ರೆ

ವಿಯಾಜೊ ಇನ್ ಇತಾಲಿಯಾ (ಇಟಲಿ ಪ್ರಯಾಣ) ರೊಬೆರ್ತೊ ರೊಸೆಲ್ಲಿನಿ (1906–1977) ನಿರ್ದೇಶನದ ಕಪ್ಪು-ಬಿಳುಪು ಚಲನಚಿತ್ರ. 1953ರಲ್ಲಿ ನೇಪಲ್ಸ್, ಕ್ಯಾಪ್ರಿ ಮತ್ತು ಪೊಂಪೈಗಳಲ್ಲಿ ಚಿತ್ರೀಕರಣಗೊಂಡು 1954ರ ಸೆಪ್ಟೆಂಬರ್‌ನಲ್ಲಿ ಇಟಲಿಯಲ್ಲಿ ತೆರೆಕಂಡಿತು. ಮದುವೆಯಾಗಿ ಎಂಟು ವರ್ಷ ಕಳೆದ ಇಂಗ್ಲಿಷ್ ದಂಪತಿ ಪರದೇಶದಲ್ಲಿ ಕೆಲವು ದಿನ ತಾವಿಬ್ಬರೇ ಇರಬೇಕಾಗಿ ಬಂದು, ಒಬ್ಬರಿಗೊಬ್ಬರು ಅಪರಿಚಿತರೆಂದು ಕಂಡುಕೊಳ್ಳುವುದು ಇದರ ವಸ್ತು. ಇಂಗ್ರಿಡ್ ಬರ್ಗ್‌ಮನ್ ಮತ್ತು ಜಾರ್ಜ್ ಸ್ಯಾಂಡರ್ಸ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಚಿತ್ರಕಥೆ ವಿತಾಲಿಯಾನೊ ಬ್ರಾಂಕಾತಿ ಮತ್ತು ರೊಸೆಲ್ಲಿನಿ ಅವರದು; ಛಾಯಾಗ್ರಹಣ ಎಂಜೊ ಸೆರಾಫಿನ್, ಸಂಕಲನ ಜೊಲಾಂಡಾ ಬೆನ್ವೆನುತಿ, ಸಂಗೀತ ನಿರ್ದೇಶಕರ ತಮ್ಮ ರೆಂಜೊ ರೊಸೆಲ್ಲಿನಿ.

ತೆರೆಕಂಡಾಗ ಚಿತ್ರ ಸೋತಿತು. ಇಟಲಿಯ ಪ್ರಮುಖ ವಿಮರ್ಶಕರು ಅದನ್ನು ಒಪ್ಪಲಿಲ್ಲ. ಆದರೆ 1958ರಲ್ಲಿ ಪ್ಯಾರಿಸ್ಸಿನ ‘ಕಾಯೆ ದು ಸಿನೆಮಾ’ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳೆಂದು ಹನ್ನೆರಡನ್ನು ಆರಿಸಿದಾಗ ಇದಕ್ಕೆ ಮೂರನೆಯ ಸ್ಥಾನ ಸಿಕ್ಕಿತು. ಈ ನಾಲ್ಕು ವರ್ಷಗಳಲ್ಲಿ ಚಿತ್ರ ಬದಲಾಗಲಿಲ್ಲ, ಪ್ರೇಕ್ಷಕರ ಸಂಖ್ಯೆಯೂ ಹೆಚ್ಚಲಿಲ್ಲ. ಬದಲಾದದ್ದು ವಿಮರ್ಶೆ. ಹೀಗಾಗಿ ಈ ಚಿತ್ರದ ಚರಿತ್ರೆಯೆಂದರೆ ಬಹುಮಟ್ಟಿಗೆ ಅದರ ವಿಮರ್ಶೆಯ ಚರಿತ್ರೆಯೇ.

ನಿರ್ಮಾಣದ ಹಿನ್ನೆಲೆ

‘ರೋಮ್ ಓಪನ್ ಸಿಟಿ’ (1945), ‘ಪೈಸಾ’ (1946), ‘ಜರ್ಮನಿ ಇಯರ್ ಜೀರೊ’ (1948) ಚಿತ್ರಗಳಿಂದ ರೊಸೆಲ್ಲಿನಿ ಯುದ್ಧೋತ್ತರ ನವವಾಸ್ತವವಾದದ ಮುಂಚೂಣಿಯ ನಿರ್ದೇಶಕರೆನಿಸಿದ್ದರು. 1948ರಲ್ಲಿ ಬರ್ಗ್‌ಮನ್ ರೊಸೆಲ್ಲಿನಿ ಅವರ ಚಿತ್ರಗಳನ್ನು ಮೆಚ್ಚಿ, ಅವರೊಡನೆ ಕೆಲಸ ಮಾಡುವ ಇಚ್ಛೆ ತಿಳಿಸಿ ಪತ್ರ ಬರೆದರು. ಇಬ್ಬರ ಸಂಬಂಧ ಬೆಳೆದು, ಅಮೆರಿಕದಲ್ಲಿ ದೊಡ್ಡ ಗದ್ದಲವಾಗಿ, 1950ರ ಮಾರ್ಚ್‌ನಲ್ಲಿ ಸೆನೆಟರ್ ಎಡ್ವಿನ್ ಜಾನ್ಸನ್ ಸೆನೆಟ್‌ನಲ್ಲೇ ಬರ್ಗ್‌ಮನ್ ಅವರನ್ನು ಖಂಡಿಸಿದರು. ಅದೇ ವರ್ಷ ಇಬ್ಬರೂ ಮದುವೆಯಾದರು. ‘ಸ್ಟ್ರಾಂಬೊಲಿ’ (1950), ‘ಯುರೋಪಾ ’51’ (1952), ಪ್ರಸ್ತುತ ಚಿತ್ರ ಮತ್ತು ‘ಲಾ ಪೌರಾ’ (1954) ಈ ಜೋಡಿಯ ಮುಖ್ಯ ಕೃತಿಗಳು.

ಫ್ರೆಂಚ್ ಲೇಖಕಿ ಕೊಲೆಟ್ ಅವರ ‘ದ್ಯುವೊ’ ಕಾದಂಬರಿಯನ್ನು ಚಿತ್ರಿಸುವುದು ಮೊದಲಿನ ಯೋಜನೆ. ಅದರ ಹಕ್ಕು ದೊರೆಯಲಿಲ್ಲ. ಸ್ಯಾಂಡರ್ಸ್ ನೇಪಲ್ಸ್‌ಗೆ ಬಂದಿಳಿದಾಗ ಸಿದ್ಧ ಚಿತ್ರಕಥೆ ಇರಲಿಲ್ಲ. ಸಂಭಾಷಣೆಗಳು ಚಿತ್ರೀಕರಣಕ್ಕೆ ತುಸು ಮುಂಚೆಯಷ್ಟೇ ಕೈಸೇರುತ್ತಿದ್ದವು. ‘ಆಲ್ ಅಬೌಟ್ ಈವ್’ಗಾಗಿ ಆಸ್ಕರ್ ಪಡೆದು ಹಾಲಿವುಡ್ಡಿನ ಶಿಸ್ತಿಗೆ ಒಗ್ಗಿದ್ದ ಈ ನಟ ತಮಗಾದ ಕಸಿವಿಸಿಯನ್ನು 1960ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬಿಚ್ಚಿಟ್ಟಿದ್ದಾರೆ. ಬರ್ಗ್‌ಮನ್ ಅವರ ನೆನಪುಗಳೂ ಇದನ್ನೇ ಹೇಳುತ್ತವೆ. ಈ ವಿವರಗಳಿಗೆ ವಿಮರ್ಶೆಯಲ್ಲಿ ಮಹತ್ವವಿದೆ. ನಟರ ನಿಜವಾದ ಅಸಹನೆ ಪಾತ್ರಗಳ ಅಸಹನೆಯಾಗಿ ತೆರೆಯ ಮೇಲೆ ಉಳಿದಿದೆಯೇ, ಅದು ನಿರ್ದೇಶಕರ ಉದ್ದೇಶವೇ ಆಗಿತ್ತೇ ಎಂಬ ಪ್ರಶ್ನೆಗೆ ಮುಂದಿನ ಬರಹಗಾರರು ಬೇರೆಬೇರೆ ಉತ್ತರ ಕೊಟ್ಟಿದ್ದಾರೆ.

ಕಥಾಸಾರ

ಅಲೆಕ್ಸ್ ಜಾಯ್ಸ್ ಮತ್ತು ಕ್ಯಾಥರೀನ್ ಜಾಯ್ಸ್, ತೀರಿಕೊಂಡ ಹೋಮರ್ ಮಾವ ಬಿಟ್ಟುಹೋದ ಬಂಗಲೆಯನ್ನು ಮಾರಲು ಕಾರಿನಲ್ಲಿ ನೇಪಲ್ಸ್‌ಗೆ ಬರುತ್ತಾರೆ. ಅಲೆಕ್ಸ್ ವ್ಯವಹಾರದ ಮನುಷ್ಯ, ಮಾತು ಚುಚ್ಚುಮಾತು. ಹಿಂದೆ ತನ್ನನ್ನು ಪ್ರೀತಿಸಿ, ಕಾಯಿಲೆಯಿಂದ ಸತ್ತ ಕವಿಯೊಬ್ಬನನ್ನು ಕ್ಯಾಥರೀನ್ ನೆನೆಯುತ್ತಾಳೆ. ಜೇಮ್ಸ್ ಜಾಯ್ಸ್ ಅವರ ‘ದ ಡೆಡ್’ ಕಥೆಯ ನೆರಳು ಇಲ್ಲಿದೆ ಎಂಬುದರಲ್ಲಿ, ದಂಪತಿಯ ಹೆಸರನ್ನು ಗಮನಿಸಿದರೆ, ಹೆಚ್ಚು ಅನುಮಾನ ಉಳಿಯದು. ಅವಳು ಗಂಡನಿಲ್ಲದೆ ಪುರಾತತ್ವ ಸಂಗ್ರಹಾಲಯ, ಕೂಮೆಯ ಸಿಬಿಲ್ ಗುಹೆ, ಗಂಧಕದ ಹೊಗೆಯುಗುಳುವ ಸೊಲ್ಫತಾರಾ, ತಲೆಬುರುಡೆಗಳನ್ನು ಜೋಡಿಸಿಟ್ಟ ಫೊಂತನೆಲ್ಲೆ ಸ್ಮಶಾನ ನೋಡಿಬರುತ್ತಾಳೆ. ಅವನು ಕ್ಯಾಪ್ರಿಗೆ ಹೋಗಿ ಬೇರೆ ಹೆಣ್ಣಿನ ಸಂಗ ಬಯಸಿ, ಅದೂ ಕೈಗೂಡದೆ ಮರಳುತ್ತಾನೆ. ವಿಚ್ಛೇದನದ ತೀರ್ಮಾನವಾದ ಬೆನ್ನಲ್ಲೇ ಇಬ್ಬರೂ ಪೊಂಪೈಗೆ ಹೋಗಬೇಕಾಗುತ್ತದೆ. ಅಲ್ಲಿ ಅಗೆಯುತ್ತಿದ್ದ ಬೂದಿಯಡಿಯಿಂದ, ಸಾಯುವಾಗ ಜೊತೆಗಿದ್ದ ಒಂದು ಗಂಡು ಮತ್ತು ಒಂದು ಹೆಣ್ಣಿನ ಆಕಾರ ಮೇಲೇಳುವುದನ್ನು ಕಂಡು ಕ್ಯಾಥರೀನ್ ಕುಸಿಯುತ್ತಾಳೆ. ಹಿಂದಿರುಗುವಾಗ ಧಾರ್ಮಿಕ ಮೆರವಣಿಗೆಯೊಂದರಲ್ಲಿ ಕಾರು ಸಿಕ್ಕಿಕೊಳ್ಳುತ್ತದೆ. ಪವಾಡವಾಯಿತೆಂದು ಜನ ನುಗ್ಗಿದಾಗ ಅವಳು ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತಾಳೆ; ಅವನು ನುಗ್ಗಿ ಹೋಗಿ ಅವಳನ್ನು ಹಿಡಿಯುತ್ತಾನೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ.

ಇಟಲಿ: 1954ರ ನಿರಾಕರಣೆ

ಇಟಲಿಯ ವಿಮರ್ಶಕರ ಕೋಪವನ್ನು ಅಭಿರುಚಿಯ ಕೊರತೆಯೆಂದು ತಳ್ಳಿಹಾಕುವುದು ರೂಢಿಯಾಗಿಬಿಟ್ಟಿದೆ. ಇದು ಸರಿಯಲ್ಲ. ಆ ಕಾಲದ ಪರಿಸ್ಥಿತಿಯನ್ನು ನೋಡದೆ ಆ ಬರಹಗಳನ್ನು ತೂಗಲಾಗದು.

1949ರಲ್ಲಿ ಜಾರಿಗೆ ಬಂದ, ರಾಜಕಾರಣಿ ಆಂದ್ರೆಯೊತ್ತಿ ಅವರ ಹೆಸರಿನಲ್ಲಿ ಗುರುತಿಸಲಾಗುವ ಕಾನೂನು ಸಿನಿಮಾಗಳಿಗೆ ಸರ್ಕಾರದ ನೆರವು ಕೊಡುವುದರ ಜೊತೆಗೆ, ದೇಶದ ಬಡತನ ಮತ್ತು ಅನ್ಯಾಯಗಳನ್ನು ತೋರಿಸುವ ಚಿತ್ರಗಳನ್ನು ಹತೋಟಿಯಲ್ಲಿಡುವ ಸಾಧನವೂ ಆಗಿತ್ತು. 1952ರಲ್ಲಿ ಆರಂಭವಾದ ‘ಚಿನೆಮಾ ನುವೊವೊ’ ಪತ್ರಿಕೆ ಈ ಒತ್ತಡಕ್ಕೆ ಎದುರಾಗಿ ನಿಂತಿತು. ಅದರ ಸಂಪಾದಕ ಗುಯಿದೊ ಅರಿಸ್ತಾರ್ಕೊ ಮಾರ್ಕ್ಸ್‌ವಾದಿ ವಿಮರ್ಶಕರು, ಹಂಗೇರಿಯ ಚಿಂತಕ ಜಾರ್ಜ್ ಲುಕಾಚ್ ಅವರ ಸಾಹಿತ್ಯ ಮೀಮಾಂಸೆಯಿಂದ ಪ್ರಭಾವಿತರು. 1953ರಲ್ಲಿ ಈ ಪತ್ರಿಕೆ ಗ್ರೀಸ್‌ನಲ್ಲಿ ಇಟಲಿಯ ಸೇನೆ ನಡೆದುಕೊಂಡ ರೀತಿಯನ್ನು ಕುರಿತ ಚಿತ್ರವೊಂದರ ಕಥಾರೂಪರೇಖೆಯನ್ನು ಪ್ರಕಟಿಸಿತು. ಸೇನೆಯ ಅವಹೇಳನ ಮಾಡಿದರೆಂದು ಅದನ್ನು ಬರೆದ ರೆಂಜೊ ರೆಂಜಿ ಮತ್ತು ಸಂಪಾದಕ ಅರಿಸ್ತಾರ್ಕೊ ಇಬ್ಬರನ್ನೂ ಅದೇ ಸೆಪ್ಟೆಂಬರ್‌ನಲ್ಲಿ ಬಂಧಿಸಿ, ಪೆಸ್ಕಿಯೆರಾದ ಕೋಟೆಯಲ್ಲಿಟ್ಟು, ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. ಸಿನಿಮಾ ಕುರಿತ ಬರಹಕ್ಕಾಗಿ ಸೆರೆಮನೆ ಕಂಡ ಮನುಷ್ಯನಿಗೆ ನವವಾಸ್ತವವಾದ ಒಂದು ಶೈಲಿಯಾಗಿರಲಿಲ್ಲ, ಉಳಿಸಿಕೊಳ್ಳಬೇಕಾದ ನೆಲೆಯಾಗಿತ್ತು. ಒಂದು ವರ್ಷದ ನಂತರ, ಆ ನೆಲೆಯನ್ನು ಕಟ್ಟಿದವರಲ್ಲಿ ಮೊದಲಿಗರಾದ ರೊಸೆಲ್ಲಿನಿ, ನಿರುದ್ಯೋಗದಿಂದ ನಲುಗಿದ ನೇಪಲ್ಸ್‌ನಲ್ಲಿ ಹಣವಂತ ವಿದೇಶಿ ದಂಪತಿಯ ಮುನಿಸಿನ ಚಿತ್ರವನ್ನು ತೆರೆಗೆ ತಂದರು. ಎಂಟು ವರ್ಷಗಳ ಹಿಂದೆ ‘ಪೈಸಾ’ದ ಎರಡನೆಯ ಕಥೆಯಲ್ಲಿ ಇದೇ ಊರಿನ ಬೀದಿ ಹುಡುಗನನ್ನೂ ಗುಹೆಗಳಲ್ಲಿ ಬದುಕುವ ನಿರಾಶ್ರಿತರನ್ನೂ ತೋರಿಸಿದ್ದವರು ಅವರೇ.

ಅರಿಸ್ತಾರ್ಕೊ ಬಳಗ ಇದನ್ನು ಹಿನ್ನಡೆಯೆಂದು ಕರೆಯಿತು. ಅವರ ಆಕ್ಷೇಪಗಳನ್ನು ಮೂರಾಗಿ ಸಂಗ್ರಹಿಸಬಹುದು. ಒಂದು, ಚಿತ್ರದಲ್ಲಿ ಸಮಾಜವಿಲ್ಲ. ನೇಪಲ್ಸಿನ ಜನ ಕ್ಯಾಥರೀನಳ ಕಾರಿನ ಕಿಟಕಿಯಾಚೆ ಹಾದುಹೋಗುವ ನೋಟ ಮಾತ್ರ. ಎರಡು, ಕಟ್ಟಡವಿಲ್ಲ, ಒಂದು ಘಟನೆ ಇನ್ನೊಂದಕ್ಕೆ ಕಾರಣವಾಗದೆ, ನೋಡಿದ್ದನ್ನು ನೋಡಿದಂತೆ ಪೋಣಿಸಲಾಗಿದೆ. ಮೂರು, ಕೊನೆಯ ಪವಾಡ ಬುದ್ಧಿಗೆ ಒಗ್ಗದ ಪರಿಹಾರ. ದಾಂಪತ್ಯದ ಬಿರುಕಿಗೆ ಕಾರಣ ಹುಡುಕದೆ ದೇವರ ಮೇಲೆ ಭಾರ ಹಾಕಿದ್ದು.

1954ರ ಶರತ್ಕಾಲದಲ್ಲಿ ಈ ಜಗಳ ಇನ್ನೆರಡು ಚಿತ್ರಗಳ ಸುತ್ತಲೂ ನಡೆಯುತ್ತಿತ್ತು. ವೆನಿಸ್ ಉತ್ಸವದಲ್ಲಿ ಲುಕಿನೊ ವಿಸ್ಕೊಂತಿ ಅವರ ‘ಸೆನ್ಸೊ’ ಮತ್ತು ಫೆದೆರಿಕೊ ಫೆಲಿನಿ ಅವರ ‘ಲಾ ಸ್ತ್ರಾದಾ’ ಪ್ರದರ್ಶನಗೊಂಡಿದ್ದವು. ‘ಸೆನ್ಸೊ’ ಕೂಡ ಪ್ರೇಮದ ಕೇಡಿನ ಕಥೆಯೇ. ಆದರೆ ಆ ಕೇಡನ್ನು 1866ರ ಇತಿಹಾಸದೊಳಗಿಟ್ಟು ವಿವರಿಸುತ್ತದೆಂಬ ಕಾರಣಕ್ಕೆ ಅರಿಸ್ತಾರ್ಕೊ ಅದನ್ನು ನವವಾಸ್ತವವಾದದಿಂದ ಪೂರ್ಣ ವಾಸ್ತವವಾದಕ್ಕೆ ಇಟ್ಟ ಹೆಜ್ಜೆಯೆಂದು ಎತ್ತಿಹಿಡಿದರು. ‘ಲಾ ಸ್ತ್ರಾದಾ’ವನ್ನು ರೊಸೆಲ್ಲಿನಿ ಚಿತ್ರದ ಪಕ್ಕದಲ್ಲೇ ಇಟ್ಟು ತಿರಸ್ಕರಿಸಿದರು. ಆದ್ದರಿಂದ ಅವರ ತಕರಾರು ದಂಪತಿಯ ಕಥೆಯ ಬಗ್ಗೆ ಅಲ್ಲ. ಕಾರಣಗಳನ್ನು ಹೇಳದ ಕಥೆಯ ಬಗ್ಗೆ.

ಪ್ಯಾರಿಸ್: 1955ರ ಸ್ವಾಗತ

ಫ್ರಾನ್ಸ್‌ನಲ್ಲಿ ಚಿತ್ರ 1955ರ ಏಪ್ರಿಲ್ ಹೊತ್ತಿಗೆ, ಪ್ರೀತಿಯೇ ಎಲ್ಲಕ್ಕಿಂತ ಬಲಶಾಲಿ ಎಂಬ ಅರ್ಥದ ಹೆಸರಿನಲ್ಲಿ ಬಿಡುಗಡೆಯಾಯಿತು. ‘ಕಾಯೆ ದು ಸಿನೆಮಾ’ದ ಕಿರಿಯ ಬರಹಗಾರರು ಅದಕ್ಕಾಗಿ ಕಾದೇ ಇದ್ದರು. 1954ರ ಜುಲೈ ಸಂಚಿಕೆಯಲ್ಲೇ ಎರಿಕ್ ರೋಮೆರ್ ಮತ್ತು ಫ್ರಾನ್ಸ್ವಾ ತ್ರುಫೋ ರೊಸೆಲ್ಲಿನಿ ಅವರ ಸಂದರ್ಶನ ಪ್ರಕಟಿಸಿದ್ದರು. ನವವಾಸ್ತವವಾದವೆಂದರೆ ತಮಗೆ ಮೊದಲಾಗಿ ಜಗತ್ತನ್ನು ನೋಡುವ ಒಂದು ನೈತಿಕ ನಿಲುವು ಎಂದು ರೊಸೆಲ್ಲಿನಿ ಹೇಳಿದ್ದು ಅದರಲ್ಲೇ. ಮುಂದೆ ತ್ರುಫೋ ಕೆಲಕಾಲ ಅವರ ಸಹಾಯಕರೂ ಆದರು.

ಜಾಕ್ ರಿವೆಟ್ ಅವರ ‘ರೊಸೆಲ್ಲಿನಿ ಕುರಿತು ಪತ್ರ’ 1955ರ ಏಪ್ರಿಲ್‌ನ 46ನೇ ಸಂಚಿಕೆಯಲ್ಲಿ ಬಂತು. ಆಗ ಅವರಿಗೆ 27 ವರ್ಷ, ಇನ್ನೂ ಪೂರ್ಣಪ್ರಮಾಣದ ಚಿತ್ರ ಮಾಡಿರಲಿಲ್ಲ. ಈ ಚಿತ್ರ ಬಂದ ಗಳಿಗೆಯಿಂದ ಉಳಿದೆಲ್ಲ ಚಿತ್ರಗಳಿಗೆ ಇದ್ದಕ್ಕಿದ್ದಂತೆ ವಯಸ್ಸಾಯಿತು ಎಂಬ ಅರ್ಥದ ಅವರ ಮಾತು ಇಂದಿಗೂ ಉಲ್ಲೇಖವಾಗುತ್ತದೆ. ಆದರೆ ಲೇಖನದ ತಿರುಳು ಆ ಘೋಷಣೆಯಲ್ಲಿಲ್ಲ. ಮೊಂತೇನ್ ಸಾಹಿತ್ಯಕ್ಕೆ ತಂದುಕೊಟ್ಟ ಪ್ರಬಂಧದ ಸ್ವಾತಂತ್ರ್ಯವನ್ನು ರೊಸೆಲ್ಲಿನಿ ಸಿನಿಮಾಕ್ಕೆ ತಂದರು ಎಂಬುದು ರಿವೆಟ್ ಅವರ ಮುಖ್ಯ ವಾದ. ಕಥೆ ಹೇಳುವ ಹಂಗಿಲ್ಲದೆ, ಒಂದು ಮನಸ್ಸು ಕಂಡದ್ದನ್ನು, ತಡವರಿಸಿದ್ದನ್ನು, ಅಡ್ಡಹಾದಿ ಹಿಡಿದದ್ದನ್ನು ಹಾಗೆಯೇ ದಾಖಲಿಸುವ ಸಿನಿಮಾ ಇಲ್ಲಿ ಹುಟ್ಟಿತು ಎಂದು ಅವರು ಕಂಡರು. ಗೆರೆಗಳ ನಿರಾಡಂಬರಕ್ಕೆ ಚಿತ್ರಕಾರ ಮತೀಸ್ ಅವರ ಹೋಲಿಕೆ ಕೊಟ್ಟರು. ಆಗಷ್ಟೇ ಕಣ್ಬಿಡುತ್ತಿದ್ದ ಟೆಲಿವಿಷನ್ನಿನ ನೇರಪ್ರಸಾರದ ಗುಣವನ್ನೂ ಇದರಲ್ಲಿ ಗುರುತಿಸಿದರು. ರೊಸೆಲ್ಲಿನಿ 1960ರ ದಶಕದಲ್ಲಿ ಚಿತ್ರಮಂದಿರ ಬಿಟ್ಟು ಟೆಲಿವಿಷನ್ನಿಗೆ ಹೋದರೆಂಬುದನ್ನು ನೆನೆದರೆ ಈ ಒಳನೋಟದ ಬೆಲೆ ತಿಳಿಯುತ್ತದೆ.

ಮರುತಿಂಗಳ 47ನೇ ಸಂಚಿಕೆಯಲ್ಲಿ ರೋಮೆರ್, ಮೊರಿಸ್ ಶೆರೆರ್ ಎಂಬ ತಮ್ಮ ನಿಜನಾಮದಲ್ಲಿ, ಪವಾಡದ ನೆಲವೆಂಬ ಅರ್ಥದ ಶೀರ್ಷಿಕೆಯಡಿ ಬರೆದರು. ಕ್ಯಾಥೊಲಿಕ್ ಶ್ರದ್ಧೆಯ ರೋಮೆರ್ ಅವರಿಗೆ ಕೊನೆಯ ದೃಶ್ಯದಲ್ಲಿ ತೊಡಕು ಕಾಣಲಿಲ್ಲ. ದೈವಕೃಪೆ ಮನುಷ್ಯರ ಯೋಗ್ಯತೆ ನೋಡಿ ಇಳಿಯುವಂಥದ್ದಲ್ಲ. ಇಡೀ ಚಿತ್ರ ಅದಕ್ಕೆ ನೆಲ ಹದಮಾಡುತ್ತದೆ ಎಂಬ ನಿಲುವು ಅವರದು. 1955ರ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ‘ಕಾಯೆ’ ಈ ಚಿತ್ರಕ್ಕೆ ಮೊದಲ ಸ್ಥಾನ ಕೊಟ್ಟಿತು.

ಈ ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು. ನಿರ್ದೇಶಕನೇ ಚಿತ್ರದ ಕರ್ತೃ ಎಂಬ ವಾದವನ್ನು ಆ ಬಳಗ ಅದೇ ವರ್ಷಗಳಲ್ಲಿ ಕಟ್ಟುತ್ತಿತ್ತು. ಜನ ಕೈಬಿಟ್ಟ, ಸ್ವದೇಶದ ವಿಮರ್ಶಕರು ದೂರವಿಟ್ಟ ರೊಸೆಲ್ಲಿನಿ ಆ ವಾದಕ್ಕೆ ತಕ್ಕ ಉದಾಹರಣೆಯಾಗಿದ್ದರು. ಕಡಿಮೆ ಹಣ, ಸಣ್ಣ ತಂಡ, ಬೀದಿಯಲ್ಲೇ ಚಿತ್ರೀಕರಣ: ಇವು ತಾವೂ ಚಿತ್ರ ಮಾಡಬೇಕೆಂದಿದ್ದ ತರುಣರಿಗೆ ದಾರಿ ತೋರಿಸಿದವು. ಹಾಗಾಗಿ ಅವರ ಲೇಖನಗಳನ್ನು ವಿಮರ್ಶೆಯಾಗಿಯೂ ಮುಂದಿನ ಫ್ರೆಂಚ್ ಹೊಸ ಅಲೆಯ ಮುನ್ನುಡಿಯಾಗಿಯೂ ಓದಬೇಕಾಗುತ್ತದೆ.

ಬಜಾನ್–ಅರಿಸ್ತಾರ್ಕೊ ವಾದ

ಎರಡು ದೇಶಗಳ ಈ ಭಿನ್ನಮತವನ್ನು ಎದುರುಬದುರು ತಂದವರು ‘ಕಾಯೆ’ಯ ಸ್ಥಾಪಕರಲ್ಲೊಬ್ಬರಾದ ಆಂದ್ರೆ ಬಜಾನ್. ‘ರೊಸೆಲ್ಲಿನಿ ಸಮರ್ಥನೆ’ ಎಂಬ ಅವರ ಬಹಿರಂಗ ಪತ್ರ ಅರಿಸ್ತಾರ್ಕೊ ಅವರನ್ನೇ ಉದ್ದೇಶಿಸಿದ್ದು. 1955ರ ಆಗಸ್ಟ್‌ನಲ್ಲಿ ‘ಚಿನೆಮಾ ನುವೊವೊ’ದಲ್ಲೇ ಅಚ್ಚಾಯಿತು. ತಮ್ಮನ್ನು ಖಂಡಿಸುವ ಬರಹಕ್ಕೆ ತಮ್ಮ ಪತ್ರಿಕೆಯಲ್ಲಿ ಜಾಗ ಕೊಟ್ಟ ಅರಿಸ್ತಾರ್ಕೊ ಅವರ ಸೌಜನ್ಯವನ್ನೂ, ಎದುರಾಳಿಯ ಗಾಂಭೀರ್ಯವನ್ನು ಮೊದಲು ಒಪ್ಪಿಯೇ ಮಾತು ತೆಗೆದ ಬಜಾನ್ ಅವರ ಸೌಜನ್ಯವನ್ನೂ ಇಲ್ಲಿ ದಾಖಲಿಸಬೇಕು. ಚಲನಚಿತ್ರ ವಿಮರ್ಶೆಯಲ್ಲಿ ಇಂಥ ಘನತೆಯ ವಾಗ್ವಾದಗಳು ಕೆಲವೇ.

ಬಜಾನ್ ಮೊದಲು ನವವಾಸ್ತವವಾದದ ಲಕ್ಷಣವನ್ನೇ ಮರುನಿರೂಪಿಸುತ್ತಾರೆ. ಬಡತನ, ಬೀದಿ, ವೃತ್ತಿನಟರಲ್ಲದವರ ಬಳಕೆ ಅದರ ಹೊರಚಿಹ್ನೆಗಳಷ್ಟೆ. ವಾಸ್ತವವನ್ನು ಬಿಡಿಬಿಡಿಯಾಗಿ ಕತ್ತರಿಸದೆ ಇಡಿಯಾಗಿ ಗ್ರಹಿಸುವ ಪ್ರಜ್ಞೆಯೇ ಅದರ ಒಳತಿರುಳು. ಹಳೆಯ ವಾಸ್ತವವಾದಿ ಕಲಾವಿದ ಇಟ್ಟಿಗೆಯಿಂದ ಸೇತುವೆ ಕಟ್ಟುವವನಂತೆ. ಪ್ರತಿ ಇಟ್ಟಿಗೆಯೂ ಅವನ ಕೆಲಸಕ್ಕೆಂದೇ ಅಳೆದು ಮಾಡಿದ್ದು. ರೊಸೆಲ್ಲಿನಿ ಚಿತ್ರದ ಘಟನೆಗಳಾದರೋ ಹೊಳೆಯಲ್ಲಿ ಬಿದ್ದ ಬಂಡೆಗಳು; ಬಂಡೆ ಇರುವುದು ದಾಟುವವನಿಗಾಗಿ ಅಲ್ಲ, ಆದರೂ ಅವುಗಳ ಮೇಲೆ ಹೆಜ್ಜೆಯಿಟ್ಟು ಹೊಳೆ ದಾಟಬಹುದು. ಘಟನೆಗಳ ನಡುವೆ ಕಾರಣದ ಕೊಂಡಿ ಇಲ್ಲವೆಂಬ ಅರಿಸ್ತಾರ್ಕೊ ಬಳಗದ ದೂರಿಗೆ ಈ ಹೋಲಿಕೆ ನೇರ ಉತ್ತರ: ಕೊಂಡಿ ಹಾಕುವವನು ಪ್ರೇಕ್ಷಕ.

ನೇಪಲ್ಸ್ ಕಾಣುವುದಿಲ್ಲ ಎಂಬ ದೂರಿಗೆ ಬಜಾನ್ ಕೊಟ್ಟ ಉತ್ತರ ಇನ್ನೂ ಸೂಕ್ಷ್ಮವಾದದ್ದು. ತೆರೆಯ ಮೇಲಿರುವುದು ಕ್ಯಾಥರೀನಳ ಪ್ರಜ್ಞೆಯಲ್ಲಿ ಸೋಸಿಬಂದ ನೇಪಲ್ಸ್. ಅವಳ ಒಳಗು ಬಡವಾದ್ದರಿಂದ ಅವಳಿಗೆ ಕಾಣುವ ಊರೂ ಬಡವಾಗಿದೆ. ಆದರೂ ಅದು ಸುಳ್ಳಲ್ಲ. ಛಾಯಾಚಿತ್ರದಷ್ಟು ವಸ್ತುನಿಷ್ಠವೂ ಒಬ್ಬಳ ಅನುಭವದಷ್ಟು ಆತ್ಮನಿಷ್ಠವೂ ಆದ ಮಾನಸಿಕ ಭೂದೃಶ್ಯ ಅದು. ಸಂಗ್ರಹಾಲಯದ ದೃಶ್ಯ ಇದಕ್ಕೆ ಸಾಕ್ಷಿ. ಕ್ಯಾಮೆರಾ ಫಾರ್ನೀಸ್ ಹರ್ಕ್ಯುಲಿಸ್‌ನಂಥ ಬೃಹತ್ ಶಿಲ್ಪಗಳಿಂದ ಆರಂಭಿಸಿ, ಅವುಗಳ ಸುತ್ತ ಸರಿದು, ಕೊನೆಗೆ ಕ್ಯಾಥರೀನಳನ್ನು ಚೌಕಟ್ಟಿನೊಳಗೆ ತರುತ್ತದೆ. ಮೊದಲು ಅವಳ ಮುಖ ತೋರಿಸಿ ಆಮೇಲೆ ಅವಳು ನೋಡಿದ್ದನ್ನು ತೋರಿಸುವ ವಾಡಿಕೆಯ ಜೋಡಣೆಗಿಂತ ಇದು ಬೇರೆ. ಇಲ್ಲಿ ಅವಳು ಶಿಲ್ಪಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಅವುಗಳಿಗೆ ಸಿಕ್ಕಿಬೀಳುತ್ತಾಳೆ. ನಾಚಿಕೆಯಿಲ್ಲದ ಆ ಕಲ್ಲಿನ ದೇಹಗಳ ಮುಂದೆ ಅವಳ ಮಡಿವಂತಿಕೆ ಬಯಲಾಗುತ್ತದೆ. ಒಂದು ಮಾತೂ ಆಡದೆ ಈ ದಾಂಪತ್ಯದ ದೈಹಿಕ ಕೊರತೆಯನ್ನು ಹೇಳುವ ದೃಶ್ಯವಿದು.

ಸಮಾಜದ ಗೈರು ಎಂಬ ದೂರು ಮಾತ್ರ ಬಜಾನ್ ಉತ್ತರದಿಂದ ಪೂರ್ತಿ ತೀರುವುದಿಲ್ಲವೆಂದು ಈ ಲೇಖಕನ ಅಭಿಪ್ರಾಯ. ಕ್ಯಾಥರೀನಳಿಗೆ ಬೀದಿಯಲ್ಲಿ ಕಾಣುವ ಬಸುರಿ ಹೆಂಗಸರು, ಕೈಗಾಡಿಯ ಕೂಸುಗಳು, ಶವಯಾತ್ರೆ ಎಲ್ಲವೂ ಅವಳ ಮಕ್ಕಳಿಲ್ಲದ ಬಾಳಿಗೆ ಹಿಡಿದ ಕನ್ನಡಿಯಾಗುತ್ತವೆಯೇ ಹೊರತು, ಆ ಜನರಿಗೆ ಸ್ವಂತ ಕಥೆ ಸಿಗುವುದಿಲ್ಲ. ಇದಕ್ಕೆ ಅಪವಾದ ಫೊಂತನೆಲ್ಲೆ ಸ್ಮಶಾನದ ಪ್ರಸಂಗ. ಹೆಸರಿಲ್ಲದ ತಲೆಬುರುಡೆಯೊಂದನ್ನು ಆರಿಸಿಕೊಂಡು ಅದಕ್ಕೆ ಹೂವಿಟ್ಟು, ದೀಪ ಹಚ್ಚಿ, ಹರಕೆ ಹೊರುವ ಪದ್ಧತಿ ನೇಪಲ್ಸಿನ ಸಾಮಾನ್ಯರಲ್ಲಿ ಆಗ ಜೀವಂತವಾಗಿತ್ತು. 1969ರಲ್ಲಿ ಚರ್ಚ್ ಅದನ್ನು ನಿಷೇಧಿಸಿತು. ಗ್ರೀಸ್‌ನ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡು, ಅವನ ಸಮಾಧಿ ದೂರವಾದ್ದರಿಂದ ಇಲ್ಲಿ ಪ್ರಾರ್ಥಿಸುವ ನತಾಲಿ ಎಂಬ ಗೆಳತಿಯ ಮಾತಿನಲ್ಲಿ ಚಿತ್ರಕ್ಕೆ ಕ್ಷಣಕಾಲ ಇತಿಹಾಸದ ಗಾಳಿ ತಾಗುತ್ತದೆ. ಗ್ರೀಸ್ ಕುರಿತ ಬರಹಕ್ಕಾಗಿಯೇ ಅರಿಸ್ತಾರ್ಕೊ ಜೈಲಿಗೆ ಹೋಗಿದ್ದರೆಂಬುದನ್ನು ಬಲ್ಲವರಿಗೆ, ಅವರ ಪಕ್ಷ ಮತ್ತು ರೊಸೆಲ್ಲಿನಿ ಪಕ್ಷ ತಿಳಿದುಕೊಂಡಷ್ಟು ದೂರವಿರಲಿಲ್ಲವೆನಿಸುವುದು ಸಹಜ.

ಬಜಾನ್ 1958ರ ನವೆಂಬರ್‌ನಲ್ಲಿ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ಸಿನಿಮಾ ಎಂದರೇನು’ ಸಂಪುಟಗಳಲ್ಲಿ ಸೇರಿದ ನಂತರ ಈ ಪತ್ರ ಜಗತ್ತಿನ ಚಲನಚಿತ್ರ ಅಧ್ಯಯನದ ಪಠ್ಯವಾಯಿತು. ಅರಿಸ್ತಾರ್ಕೊ ಅವರ ಬರಹಗಳಿಗೆ ಅಷ್ಟು ಓದುಗರು ದೊರೆಯಲಿಲ್ಲ. ಹೀಗಾಗಿ ಇಂದಿನ ಓದುಗರು ವಾದದ ಒಂದೇ ಪಕ್ಷವನ್ನು ಕೇಳುವುದು ಹೆಚ್ಚು.

ಪ್ರತಿಗಳು ಮತ್ತು ಭಾಷೆ

ಆ ಕಾಲದ ಇಟಲಿಯಲ್ಲಿ ಚಿತ್ರೀಕರಣದ ನಂತರ ಧ್ವನಿ ಕೂಡಿಸುವುದು ವಾಡಿಕೆ. ಬರ್ಗ್‌ಮನ್ ಮತ್ತು ಸ್ಯಾಂಡರ್ಸ್ ಇಂಗ್ಲಿಷಿನಲ್ಲಿ ಅಭಿನಯಿಸಿದರು; ಇಟಲಿಯ ಪ್ರೇಕ್ಷಕರು ನೋಡಿದ್ದು ಡಬ್ ಮಾಡಿದ ಪ್ರತಿ. ಈ ವ್ಯತ್ಯಾಸ ವಿಮರ್ಶೆಯಲ್ಲಿ ಸಾಕಷ್ಟು ಗಣನೆಗೆ ಬಂದಿಲ್ಲ. ಇಂಗ್ಲಿಷ್ ಪ್ರತಿಯಲ್ಲಿ ಮಾರ್ಗದರ್ಶಕರ ಒಡಕು ಇಂಗ್ಲಿಷ್, ಬಾಯಾರಿದ ಅಲೆಕ್ಸ್ ಮನೆಯ ಆಳುಗಳಿಗೆ ತನ್ನ ಮಾತು ತಿಳಿಸಲಾಗದೆ ಒದ್ದಾಡುವುದು, ಸುತ್ತಲಿನ ಜನರ ಮಾತು ದಂಪತಿಗೆ ಬರೀ ಗದ್ದಲವಾಗಿ ಕೇಳುವುದು ಕಥೆಯ ಭಾಗವೇ ಆಗಿವೆ. ಮನೆಯಲ್ಲಿ ಒಂದೇ ಭಾಷೆಯಾಡುತ್ತಿದ್ದರೂ ಒಬ್ಬರ ಮಾತು ಒಬ್ಬರಿಗೆ ಮುಟ್ಟದ ಇಬ್ಬರು ಪರಭಾಷೆಯ ನಡುವೆ ಒಂಟಿಯಾಗಿದ್ದಾರೆ. ಎಲ್ಲರೂ ಇಟಾಲಿಯನ್ ಆಡುವ ಪ್ರತಿಯಲ್ಲಿ ಈ ಪರಕೀಯತೆ ಸಡಿಲವಾಗುತ್ತದೆ. ಇಟಲಿಯ ವಿಮರ್ಶಕರಿಗೆ ಚಿತ್ರ ನೀರಸವೆನಿಸಿದ್ದಕ್ಕೆ ಇದೂ ಒಂದು ಕಾರಣವಾಗಿದ್ದಿರಬಹುದು.

ಅಮೆರಿಕದಲ್ಲಿ ಚಿತ್ರ 1955ರಲ್ಲಿ ‘ಸ್ಟ್ರೇಂಜರ್ಸ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಗಿ ಬೇಗನೆ ಮರೆಯಾಯಿತು.

ಕೊನೆಯ ದೃಶ್ಯ

ಚಿತ್ರದ ಬಗ್ಗೆ ಬರೆದವರೆಲ್ಲ ಕೊನೆಯ ದೃಶ್ಯದಲ್ಲಿ ನಿಲ್ಲುತ್ತಾರೆ. ಅಲ್ಲಿನ ಓದುಗಳನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ರೋಮೆರ್ ಅವರ ಧಾರ್ಮಿಕ ಓದು: ಪವಾಡ ನಡೆಯಿತು, ಅಷ್ಟೆ. ಎರಡನೆಯದು ಮಾನಸಿಕ ಓದು: ಪೊಂಪೈನಲ್ಲಿ ಸಾವನ್ನು ಕಣ್ಣಾರೆ ಕಂಡು, ಜನಜಂಗುಳಿಯಲ್ಲಿ ಕಳೆದುಹೋಗುವ ಭಯ ತಟ್ಟಿದಾಗ, ಬಹಳ ದಿನಗಳಿಂದ ಒಳಗೊಳಗೇ ಸಿದ್ಧವಾಗುತ್ತಿದ್ದ ಬದಲಾವಣೆ ಹೊರಬಂತು. ಮೂರನೆಯದು ಸಂಶಯದ ಓದು: ಇದು ಗಳಿಗೆಯ ಆವೇಶ, ಮರುದಿನ ಹಳೆಯ ಜಗಳವೇ ಮರಳುತ್ತದೆ.

ರೊಸೆಲ್ಲಿನಿ ತಾವೇ 1960ರ ದಶಕದ ಸಂದರ್ಶನವೊಂದರಲ್ಲಿ ಈ ಮುಕ್ತಾಯ ಸುಖಾಂತವಲ್ಲ, ಕಹಿಯಾದದ್ದು ಎಂಬರ್ಥದ ವಿವರಣೆ ಕೊಟ್ಟರು. ಬೆತ್ತಲಾಗಿರುವಾಗ ಪರರ ಕಣ್ಣಿಗೆ ಬಿದ್ದವರು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು, ಪಕ್ಕದಲ್ಲಿದ್ದವರಿಗೆ ಅಂಟಿಕೊಂಡು ಮೈಮುಚ್ಚಿಕೊಳ್ಳುವಂತೆ ಇವರು ಒಬ್ಬರನ್ನೊಬ್ಬರು ಅಪ್ಪಿದರು ಎಂದರು. ನಿರ್ದೇಶಕರ ಮಾತೇ ಅಂತಿಮವೆಂದು ತಿಳಿಯಬೇಕಿಲ್ಲ; ಒಂದು ದಶಕ ಕಳೆದು, ಬರ್ಗ್‌ಮನ್ ಜೊತೆಗಿನ ಮದುವೆಯೂ 1957ರಲ್ಲಿ ಮುರಿದ ನಂತರ ಹೇಳಿದ ಮಾತದು. ಆದರೆ ಚಿತ್ರ ಅವರ ಪರವಾಗಿ ಒಂದು ಸಾಕ್ಷ್ಯ ಕೊಡುತ್ತದೆ. ಅಪ್ಪುಗೆಯ ಮೇಲೆ ಚಿತ್ರ ಮುಗಿಯುವುದಿಲ್ಲ. ಕ್ಯಾಮೆರಾ ದಂಪತಿಯನ್ನು ಬಿಟ್ಟು ಜನಸಂದಣಿಯತ್ತ ಸರಿಯುತ್ತದೆ. ಹರಿದುಹೋಗುವ ಜನರ ನೋಟದಲ್ಲಿ ಚಿತ್ರ ನಿಲ್ಲುತ್ತದೆ. ಇವರಿಬ್ಬರ ರಾಜಿ ಆ ಊರಿನ ಪಾಲಿಗೆ ಸುದ್ದಿಯೇ ಅಲ್ಲ. ಮೂರು ಓದುಗಳಲ್ಲಿ ಯಾವುದನ್ನೂ ಈ ಕೊನೆಯ ನೋಟ ತಳ್ಳಿಹಾಕುವುದಿಲ್ಲ. ಯಾವುದನ್ನೂ ಖಚಿತಪಡಿಸುವುದೂ ಇಲ್ಲ.

ಆತ್ಮಕಥೆಯಾಗಿ ಓದುವ ಅಭ್ಯಾಸ

ಬರ್ಗ್‌ಮನ್–ರೊಸೆಲ್ಲಿನಿ ದಾಂಪತ್ಯದ ಡೈರಿಯಂತೆ ಚಿತ್ರವನ್ನು ಓದುವುದು ಹಿಂದಿನಿಂದಲೂ ಇದೆ. ಟ್ಯಾಗ್ ಗ್ಯಾಲಗರ್ ಅವರ ವಿಸ್ತಾರವಾದ ಜೀವನಚರಿತ್ರೆ (1998) ಇದಕ್ಕೆ ಬೇಕಾದಷ್ಟು ಸಾಮಗ್ರಿ ಒದಗಿಸುತ್ತದೆ. ಪರದೇಶದಲ್ಲಿ ಒಂಟಿಯಾದ ಹೆಣ್ಣು ಎಂಬ ವಸ್ತು ‘ಸ್ಟ್ರಾಂಬೊಲಿ’ಯಿಂದಲೂ ಬಂದದ್ದು ನಿಜ. ಆದರೂ ಅಲೆಕ್ಸ್‌ನ ಶೀತಲ, ಲೆಕ್ಕಾಚಾರದ ಸ್ವಭಾವಕ್ಕೂ ರೊಸೆಲ್ಲಿನಿ ವ್ಯಕ್ತಿತ್ವಕ್ಕೂ ಹೋಲಿಕೆ ಕಡಿಮೆ. ಈ ಓದಿನಿಂದ ಕುತೂಹಲ ತಣಿಯಬಹುದು, ಚಿತ್ರ ತಿಳಿಯುವುದಿಲ್ಲ.

ಇಂಗ್ಲಿಷ್ ವಿಮರ್ಶೆ, ದೆಲೂಜ್, ಮಲ್ವಿ

ಇಂಗ್ಲಿಷಿನಲ್ಲಿ ಮರುಮೌಲ್ಯಮಾಪನ ನಿಧಾನವಾಗಿ ಬಂತು. ರಾಬಿನ್ ವುಡ್ 1974ರಲ್ಲಿ ‘ಫಿಲ್ಮ್ ಕಾಮೆಂಟ್’ನಲ್ಲಿ ಬರ್ಗ್‌ಮನ್ ಚಿತ್ರಗಳ ಪರವಾಗಿ ಬರೆದರು, ಪೀಟರ್ ಬ್ರೂನೆಟ್ ಅವರ ಪುಸ್ತಕ 1987ರಲ್ಲಿ ಬಂತು.

ಫ್ರೆಂಚ್ ದಾರ್ಶನಿಕ ಜಿಲ್ ದೆಲೂಜ್ ಸಿನಿಮಾ ಕುರಿತ ತಮ್ಮ ಎರಡನೆಯ ಸಂಪುಟದಲ್ಲಿ (1985) ನವವಾಸ್ತವವಾದವನ್ನೇ ಆಧುನಿಕ ಸಿನಿಮಾದ ಹೊಸ್ತಿಲಾಗಿ ನೋಡಿದರು. ಎದುರಿನ ಸನ್ನಿವೇಶಕ್ಕೆ ಕ್ರಿಯೆಯಿಂದ ಉತ್ತರಿಸುವ ನಾಯಕನ ಬದಲು, ಏನೂ ಮಾಡಲಾಗದೆ ಬರೀ ನೋಡುವ ಪಾತ್ರ ಇಲ್ಲಿ ಹುಟ್ಟಿತು. ಕಂಡದ್ದರಿಂದಲೇ ಬುಡಸಮೇತ ಅಲುಗಿದ ಪ್ರವಾಸಿಯಾಗಿ ಕ್ಯಾಥರೀನ್ ಅವರಿಗೆ ಒಂದು ಮುಖ್ಯ ನಿದರ್ಶನ. ಏನೂ ನಡೆಯುವುದಿಲ್ಲ ಎಂದು ಹಿಂದಿನವರು ಹಳಿದದ್ದಕ್ಕೆ ಹೀಗೆ ಒಂದು ತಾತ್ವಿಕ ಅರ್ಥ ಒದಗಿತು.

ಬ್ರಿಟನ್ನಿನ ಸ್ತ್ರೀವಾದಿ ವಿಮರ್ಶಕಿ ಲಾರಾ ಮಲ್ವಿ 2000ದಲ್ಲಿ ಬರೆದ ‘ವೆಸೂವಿಯನ್ ಟೊಪೊಗ್ರಫೀಸ್’ ಪ್ರಬಂಧವನ್ನು ‘ಡೆತ್ 24ಎಕ್ಸ್ ಎ ಸೆಕೆಂಡ್’ (2006) ಪುಸ್ತಕದಲ್ಲಿ ಮುಂದುವರಿಸಿದರು. ಅವರ ಗಮನ ಪೊಂಪೈ ದೃಶ್ಯದ ಮೇಲೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳಿದ ಬೂದಿ ಸತ್ತವರ ಸುತ್ತ ಗಟ್ಟಿಯಾಯಿತು. ದೇಹ ಕೊಳೆತುಹೋದ ಮೇಲೆ ಅದರ ಆಕಾರದ ಪೊಳ್ಳು ಉಳಿಯಿತು. ಉತ್ಖನನದ ಮುಖ್ಯಸ್ಥ ಜುಸೆಪ್ಪೆ ಫಿಯೊರೆಲ್ಲಿ 1863ರಲ್ಲಿ ಆ ಪೊಳ್ಳಿಗೆ ರಂಧ್ರದ ಮೂಲಕ ಪ್ಲಾಸ್ಟರ್ ಸುರಿದು, ಅದು ಗಟ್ಟಿಯಾದ ಮೇಲೆ ಸುತ್ತಲಿನ ಬೂದಿ ಬಿಡಿಸುವ ವಿಧಾನವನ್ನು ಬಳಕೆಗೆ ತಂದರು. ಮುಖದ ಭಾವ, ಬಟ್ಟೆಯ ನೆರಿಗೆ ಸಹ ಮೂಡಿಬರುತ್ತಿದ್ದವು. ಒಮ್ಮೆ ಇದ್ದ ದೇಹದ ನೇರ ಅಚ್ಚು, ಹಿಂದಿದ್ದ ಜೀವಕ್ಕೆ ಈಗಿನ ಸಾಕ್ಷಿ: ಛಾಯಾಚಿತ್ರವೂ ಇದೇ ಎಂದು ಮಲ್ವಿ ವಾದಿಸುತ್ತಾರೆ. ಸತ್ತವರ ದೇಹ ಕಾಪಾಡುವ ಮನುಷ್ಯನ ಹಂಬಲದಲ್ಲೇ ಛಾಯಾಚಿತ್ರದ ಮೂಲವನ್ನು ಕಂಡ ಬಜಾನ್ ಅವರ 1945ರ ಪ್ರಬಂಧ ಇಲ್ಲಿ ಹಿನ್ನೆಲೆಯಾಗಿದೆ. ಹಾಗೆ ನೋಡಿದರೆ ಕ್ಯಾಥರೀನ್ ಅಲ್ಲಿ ಕಂಡದ್ದು ಸಾವಿನ ಜೊತೆಗೆ ಸಿನಿಮಾದ ಸ್ವರೂಪವನ್ನೂ. ದಾಂಪತ್ಯದ ಕಥೆಯಾಗಿ ಆರಂಭವಾದ ಚಿತ್ರವೊಂದು ಮಾಧ್ಯಮದ ಬಗೆಗಿನ ಚಿಂತನೆಯಾಗಬಹುದೆಂದು ತೋರಿಸಿದ್ದು ಈ ಓದಿನ ಸಾಧನೆ.

ಇತರ ಚಿತ್ರಗಳಲ್ಲಿ ಪ್ರತಿಧ್ವನಿ

ನಿರ್ದೇಶಕರು ತಮ್ಮ ಚಿತ್ರಗಳ ಮೂಲಕವೇ ಕೊಟ್ಟ ಪ್ರತಿಕ್ರಿಯೆಗಳೂ ವಿಮರ್ಶೆಯೇ. ಜಾನ್ ಲುಕ್ ಗೊದಾರ್ ಅವರ ‘ಲ ಮೆಪ್ರಿ’ (1963) ಕ್ಯಾಪ್ರಿಯಲ್ಲಿ ಮುರಿಯುವ ದಾಂಪತ್ಯದ ಕಥೆ. ಅದರಲ್ಲಿ ಚಿತ್ರಮಂದಿರವೊಂದರ ಹೊರಗೆ ‘ವಿಯಾಜೊ ಇನ್ ಇತಾಲಿಯಾ’ ಹೆಸರು ಕಾಣುತ್ತದೆ. ಆಂತೊನಿಯೊನಿ ಅವರ ‘ಲಾವೆಂತೂರಾ’ (1960) ಮತ್ತು ‘ಲಾ ನೊತ್ತೆ’ (1961) ಇದೇ ದಾರಿಯಲ್ಲಿ ಮುಂದೆ ಹೋದವೆಂಬುದು ಸಾಮಾನ್ಯ ಒಪ್ಪಿಗೆ. ಅಲ್ಮೊದೊವರ್ ಅವರ ‘ಬ್ರೋಕನ್ ಎಂಬ್ರೇಸಸ್’ (2009) ಪಾತ್ರಗಳು ಪೊಂಪೈ ದೃಶ್ಯವನ್ನು ಟಿವಿಯಲ್ಲಿ ನೋಡುತ್ತವೆ. ಕಿಯಾರೊಸ್ತಾಮಿ ಅವರ ‘ಸರ್ಟಿಫೈಡ್ ಕಾಪಿ’ (2010)ಯನ್ನು ವಿಮರ್ಶಕರು ಇದರೊಡನೆ ಹೋಲಿಸಿದರು. ಲಿಂಕ್‌ಲೇಟರ್ ಅವರ ‘ಬಿಫೋರ್ ಮಿಡ್‌ನೈಟ್’ (2013)ನಲ್ಲಿ ನಾಯಕಿ ಪೊಂಪೈಗೆ ಹೋದ ದಂಪತಿಯ ಹಳೆಯ ಚಿತ್ರವೊಂದನ್ನು ನೆನೆಯುತ್ತಾಳೆ. ಮಾರ್ಟಿನ್ ಸ್ಕೋರ್ಸೆಸಿ ತಮ್ಮ ‘ಮೈ ವಾಯೇಜ್ ಟು ಇಟಲಿ’ (1999) ಸಾಕ್ಷ್ಯಚಿತ್ರಕ್ಕೆ ಹೆಸರನ್ನೇ ಇದರಿಂದ ಪಡೆದರು.

ಇಂದಿನ ಸ್ಥಾನ

ಬೊಲೊನ್ಯಾದಲ್ಲಿ ಪುನರುಜ್ಜೀವಗೊಂಡ ಪ್ರತಿ 2012ರ ಕಾನ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತಗಣನೆಯಲ್ಲಿ ಚಿತ್ರ 2012ರಲ್ಲಿ 41ನೇ ಸ್ಥಾನ ಪಡೆದಿತ್ತು. 2022ರಲ್ಲಿ ‘ಲಾವೆಂತೂರಾ’ ಜೊತೆಗೆ 72ನೇ ಸ್ಥಾನ ಹಂಚಿಕೊಂಡಿತು.

ಮೌಲ್ಯಮಾಪನ

ಈ ಎಲ್ಲ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎದ್ದುಕಾಣುವ ಸಂಗತಿಯೆಂದರೆ, ಹಳಿದವರೂ ಹೊಗಳಿದವರೂ ಚಿತ್ರದ ಬಗ್ಗೆ ಹೇಳಿದ ಸಂಗತಿಗಳು ಹೆಚ್ಚುಕಡಿಮೆ ಒಂದೇ. ಕಥೆ ಸಡಿಲ, ಕಾರಣಗಳು ಕಾಣೆ, ಊರು ಅರ್ಧ ಕಂಡದ್ದು, ಮುಕ್ತಾಯ ಹಠಾತ್ತಾದದ್ದು. ಅರಿಸ್ತಾರ್ಕೊ ಇವನ್ನು ದೋಷವೆಂದರು, ರಿವೆಟ್ ಸ್ವಾತಂತ್ರ್ಯವೆಂದರು, ದೆಲೂಜ್ ಹೊಸ ಯುಗದ ಲಕ್ಷಣವೆಂದರು. ರೂಪದ ವಿಷಯದಲ್ಲಿ ಕಾಲ ಬಜಾನ್ ಮತ್ತು ರಿವೆಟ್ ಅವರ ಪರವಾಗಿ ತೀರ್ಪು ಕೊಟ್ಟಿದೆ. ಇಬ್ಬರ ನಡುವಿನ ಮೌನ, ಮುನಿಸು, ಕಾಲಹರಣಗಳೇ ಒಂದು ಚಿತ್ರಕ್ಕೆ ಸಾಕಾಗುವಷ್ಟು ದೊಡ್ಡ ವಸ್ತುವೆಂದು ಇಂದು ಯಾರೂ ವಾದಿಸಿ ಗೆಲ್ಲಬೇಕಿಲ್ಲ. ಆದರೆ ಕಿಟಕಿಯಾಚೆಯ ಜನ ಯಾರು ಎಂಬ ಅರಿಸ್ತಾರ್ಕೊ ಅವರ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ. ಚಿತ್ರವನ್ನು ಹೊಸದಾಗಿ ನೋಡುವವರು ಇಂಗ್ಲಿಷ್ ಪ್ರತಿಯನ್ನೇ ನೋಡಬೇಕು; ಬಜಾನ್ ಅವರ ಪತ್ರ ಓದುವವರು, ಅದು ಯಾರಿಗೆ ಬರೆದದ್ದೋ ಅವರ ವಾದವನ್ನೂ ಹುಡುಕಿ ಓದಬೇಕು.